ಅರವತ್ತೆರಡು ಕೇಜಿ

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ಅಭ್ಯಾಸದಂತೆ ಅವನ ತೂಕ ಬರೆಯುವ ನೋಟ್‌ಬುಕ್ ತೆರೆದೆ. ಕೊನೆಯ ಹತ್ತು ಸಾಲುಗಳಲ್ಲೂ ಒಂದೇ ಅಂಕಿ: ಅರವತ್ತೆರಡು.

ಅವನ ಹೃದಯ ಸೋಲುತ್ತಿತ್ತು. ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದೆವು. ಉಪ್ಪು, ಮಾತ್ರೆ, ಕುಡಿಯುವ ನೀರಿನ ಅಳತೆ ನನ್ನ ಪಾಲು. ತೂಕದ ಯಂತ್ರ ಅವನ ಪಾಲು. ಎರಡು ದಿನದಲ್ಲಿ ಎರಡು ಕೇಜಿ ಏರಿದರೆ ಮೈಯಲ್ಲಿ ನೀರು ನಿಂತಿದೆ ಎಂದರ್ಥ, ತಕ್ಷಣ ಕರೆತನ್ನಿ ಎಂದಿದ್ದರು ಡಾಕ್ಟರು.

"ಕಾಲು ಊದಿದ ಹಾಗಿದೆ. ಆಸ್ಪತ್ರೆಗೆ ಹೋಗೋಣ," ಎಂದಿದ್ದೆ ಒಂದು ದಿನ.

"ಬಾ, ನೀನೇ ನೋಡು." ನಾನು ಬರುವಷ್ಟರಲ್ಲಿ ಅವನು ಯಂತ್ರ ಹತ್ತಿ ನಿಂತಿದ್ದ. ಮುಳ್ಳು ಅರವತ್ತೆರಡರಲ್ಲಿತ್ತು. "ಸುಮ್ಸುಮ್ನೆ ಮತ್ತೆ ಆ ಐಸಿಯುಗೆ ಯಾಕೆ ಹೋಗ್ಲಿ?"

ನಾನು ಬರೆದುಕೊಂಡೆ.

ಯಂತ್ರ ಪಕ್ಕದ ಮನೆಯ ಆಂಟಿಯದು. ಅವನೇ ಕೇಳಿ ತಂದಿದ್ದ. ಒರೆಸಿ, ಕೊಡಲು ಹೋದೆ.

"ಇಷ್ಟು ಬೇಗ ಯಾಕೆ ತಂದೆ ಪುಟ್ಟಿ? ಹತ್ತಿದಾಗೆಲ್ಲ ನನ್ನ ಬಯ್ಯೋ ವಸ್ತು ಅದು." ಅವರು ಅದನ್ನು ನೆಲಕ್ಕಿಟ್ಟು ಬಗ್ಗಿ ನೋಡಿದರು. "ಯಾರೂ ಹತ್ತದೇನೇ ಮುಳ್ಳು ಸೊನ್ನೆಗಿಂತ ಐದು ಕೇಜಿ ಹಿಂದಿದೆಯಲ್ಲ."

"ಕೆಟ್ಟುಹೋಗಿತ್ತಾ ಆಂಟಿ?"

"ಇಲ್ಲಮ್ಮ, ಅಡಿಯಲ್ಲಿ ಒಂದು ತಿರುಪಿದೆ. ಯಾವ ಕಡೆ ತಿರುಗಿಸಿದ್ರೆ ಕಡಿಮೆ ತೋರಿಸುತ್ತೆ ಅಂತ ನಿಮ್ಮೆಜಮಾನ್ರು ಹೋದ ತಿಂಗಳು ಕೇಳ್ಕೊಂಡು ಹೋದ್ರು. ನಿಂಗೆ ದಪ್ಪ ಆಗ್ತಿದೀನಿ ಅನ್ನೋ ಚಿಂತೆಯಂತೆ. 'ಪಾಪ, ಅವಳು ಸಮಾಧಾನವಾಗಿರ್ಲಿ' ಅಂದ್ರು."