ಡಿಶ್ಶಿನ ಕಾವಲು

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ನೆತ್ತಿಯ ಮೇಲೆ ಮಗಳನ್ನು ಕಂಡು ದೊಡ್ಡಬೀರಯ್ಯನ ಹಲ್ಲುಜ್ಜುವ ಕೈ ಅಲ್ಲೇ ನಿಂತಿತು. ಮೀನಾ ಏಣಿಯ ತುದಿಯಲ್ಲಿ ನಿಂತಿದ್ದಳು. ಹುಣಸೂರಿನತ್ತ ಮುಖ ಮಾಡಿದ್ದ ಡಿಶ್ಶನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ತೆಂಗಿನ ಮರದ ಕಡೆಗೆ ತಿರುಗಿಸಿದಳು. ಆಮೇಲೆ ಕೈ ಕೊಡವಿಕೊಂಡಳು.

"ಏನವ್ವ ಮಾಡ್ತಾ ಇದ್ದೀಯ ಅಲ್ಲಿ?"

"ಕಾಗೆ ಕೂತಿತ್ತು ಕಣಪ್ಪ, ಓಡಿಸ್ದೆ!" ಎಂದವಳೇ ಸರಸರನೆ ಇಳಿದು, ಕಿಸಕ್ಕನೆ ನಕ್ಕು ಒಳಗೆ ಓಡಿದಳು.

ಎಂಥಾ ಕಾಗೆ! ದೊಡ್ಡಬೀರಯ್ಯನಿಗೆ ಈಗ ಎಲ್ಲವೂ ಅರ್ಥವಾಯಿತು. ಅದು ಎರಡು ಸಾವಿರದ ಆರನೆಯ ಇಸವಿ. ಹುಣಸೂರಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು, ಅಲ್ಲಿಂದ ಹಳ್ಳಿಗೆ ತಂತಿ ಎಳೆಯುವವರು ಯಾರೂ ಇರಲಿಲ್ಲ. ಹುಣಸೂರಿನ ಬಸ್‌ಸ್ಟ್ಯಾಂಡ್ ಬಳಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ನಟರಾಜು ಒಂದು ದಾರಿ ಹೇಳಿದ. ತನ್ನ ತಾರಸಿಯ ಮೇಲೊಂದು ಡಿಶ್ಶು, ದೊಡ್ಡಬೀರಯ್ಯನ ಹೊಗೆಸೊಪ್ಪಿನ ಬ್ಯಾರನ್ ಮೇಲೊಂದು ಡಿಶ್ಶು. ಎರಡೂ ಮುಖಕ್ಕೆ ಮುಖ ಕೊಟ್ಟು ನೋಡಿಕೊಂಡರೆ ಸಾಕು, ಇಂಟರ್ನೆಟ್ ಗಾಳಿಯಲ್ಲೇ ಬಂದು ಮನೆ ಸೇರುತ್ತದೆ. ಸುತ್ತಲಿಗೆಲ್ಲ ಮೊದಲ ಇಂಟರ್ನೆಟ್ ತನ್ನದೇ ಎಂದು ದೊಡ್ಡಬೀರಯ್ಯ ಬಿಳಿಕೆರೆಯ ಹೋಟೆಲಿನಲ್ಲಿ ಡಂಗುರ ಹೊಡೆದದ್ದೂ ಆಯಿತು.

ಆದರೆ ಸಂಜೆ ಬಂದ ಇಂಟರ್ನೆಟ್ ಬೆಳಿಗ್ಗೆ ಮಾಯ. ಮತ್ತೆ ನಟರಾಜು, ಮತ್ತೆ ಏಣಿ. ಬಂದಾಗಲೆಲ್ಲ ಗರಿಗರಿ ಇಸ್ತ್ರಿ ಅಂಗಿ, ಕೂದಲಿಗೆ ಹೊಸದಾಗಿ ಹಚ್ಚಿದ ಕಪ್ಪು ಬಣ್ಣ, ಅಂಗಳದ ತುಂಬ ಸೆಂಟಿನ ಘಮ. ಡಿಶ್ಶು ತಿರುಗಿಸುವವನಿಗೆ ಸೆಂಟು ಯಾಕೆ?

ಮೀನಾಳಿಗೆ ಪಿರಿಯಾಪಟ್ಟಣದ ಒಳ್ಳೆಯ ಮನೆತನದಲ್ಲಿ ಮಾತಾಗಿತ್ತು. ಮುಂದಿನ ವಾರವೇ ನಿಶ್ಚಿತಾರ್ಥ. ಈಗ ಒಂದು ಗುಸುಗುಸು ಎದ್ದರೂ ಸಂಬಂಧ ಮುರಿಯುತ್ತದೆ. ಮೊದಲೇ ಅವಳು, "ಅತ್ತೆ ಒಬ್ಳನ್ನೇ ಬುಟ್ಟು ಎಂಗಪ್ಪ ಓಗಾದು?" ಎಂದು ರಾಗ ಎಳೆಯುತ್ತಿದ್ದಳು. ನೆಪ! ಅಪ್ಪನಾದವನಿಗೆ ಅಷ್ಟೂ ತಿಳಿಯುವುದಿಲ್ಲವೇ?

ಅತ್ತೆ ಎಂದರೆ ದೊಡ್ಡಬೀರಯ್ಯನ ತಂಗಿ ಸುಂದ್ರಮ್ಮ. ಮೀನಾಳ ತಾಯಿ ತೀರಿಕೊಂಡಾಗ ತಾನು ಮದುವೆಯನ್ನೂ ಆಗದೆ ಕೂಸನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು. ಮನೆಯಲ್ಲಿ ಅವನು ಕಣ್ಣು ಮುಚ್ಚಿ ನಂಬುವುದಿದ್ದರೆ ಅವಳೊಬ್ಬಳನ್ನೇ.

"ಆ ನಟರಾಜು ಬಂದಾಗ ಮೀನಾ ಬ್ಯಾರನ್ ತಾವ ಸುಳೀಬಾರ್ದು. ನೀನು ಏಣಿ ಬುಟ್ಟು ಏಳ್ಬ್ಯಾಡ," ಎಂದ.

"ಆಗ್ಲಿ ಅಣ್ಣಯ್ಯ," ಎಂದಳು ಸುಂದ್ರಮ್ಮ.

ನಿಯತ್ತಿನ ಕಾವಲು ಎಂದರೆ ಅದು. ಏಣಿಯ ಬುಡದಲ್ಲಿ ಮೊರ ಹಿಡಿದು ಕೂತಳೆಂದರೆ, ನಟರಾಜು ಇಳಿದು ಬೈಕು ಹತ್ತುವವರೆಗೂ ಏಳುತ್ತಿರಲಿಲ್ಲ. ಮೇಲಿನಿಂದ ಅವನು "ಸಿಗ್ನಲ್ ಬಂತಾ?" ಎನ್ನುವನು. ಒಳಗೆ ಕಂಪ್ಯೂಟರ್ ಮುಂದೆ ಕೂತ ಮೀನಾ "ಇನ್ನೂ ಇಲ್ಲ!" ಎಂದು ಕೂಗುವಳು. ಹೀಗೆಯೇ ಹೊತ್ತು ಮುಳುಗುವುದು.

"ಮೀನಾ ಇತ್ತಗೆ ತಲೇನೂ ಆಕ್ಲಿಲ್ಲ ಕಣಣ್ಣಯ್ಯ," ಎಂದು ಸುಂದ್ರಮ್ಮ ವರದಿ ಒಪ್ಪಿಸುವಳು. ಬೆಳಗಾದರೆ ಡಿಶ್ಶು ಮತ್ತೆ ತೆಂಗಿನ ಮರವನ್ನು ನೋಡುತ್ತಿರುವುದು.

ನಿಶ್ಚಿತಾರ್ಥಕ್ಕೆ ಎರಡೇ ದಿನ ಉಳಿದಾಗ ದೊಡ್ಡಬೀರಯ್ಯ ಒಂದು ಉಪಾಯ ಹೂಡಿದ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಳ್ಳಬೇಕು, ಅಂಥ ಉಪಾಯ. ನಟರಾಜು ಇನ್ನು ಈ ಊರಿಗೆ ಕಾಲಿಡುವಂತಿಲ್ಲ. ಅವನು ಹುಣಸೂರಿನಲ್ಲೇ ಕೂತು ಮೊಬೈಲಿನಲ್ಲಿ ಹೇಳಲಿ, ಇಲ್ಲಿ ಡಿಶ್ಶನ್ನು ತಾನೇ ತಿರುಗಿಸುತ್ತೇನೆ. ಮೀನಾ ಮನೆಯಲ್ಲಿ, ಕಣ್ಣೆದುರಿಗೇ ಇರುತ್ತಾಳೆ. ಅವನು ಸೆಂಟರಿನ ಹಿಂದಿನ ಬಾಗಿಲಿನಿಂದ ನುಸುಳಿ ಬೈಕು ಹತ್ತಿ ಬಂದುಬಿಟ್ಟರೆ? ಅದಕ್ಕೂ ಮದ್ದಿತ್ತು.

"ಸುಂದ್ರ, ನೀನು ಮೊದ್ಲ ಬಸ್ಸಿಗೇ ಹುಣಸೂರಿಗೆ ಓಗು. ಅವ್ನ ಪಕ್ಕದಲ್ಲೇ ಕೂತಿರು. ಅವ್ನ ಬುಟ್ಟು ಅತ್ತಿತ್ತ ಅಲ್ಲಾಡ್ಬ್ಯಾಡ."

"ಬುಡಾಕಿಲ್ಲ ಕಣಣ್ಣಯ್ಯ," ಎಂದಳು ಸುಂದ್ರಮ್ಮ. ಪೇಟೆಗೆ ಹೋಗುವುದೆಂದು ಮಾವಿನ ಹಣ್ಣಿನ ಬಣ್ಣದ ರೇಷ್ಮೆ ಸೀರೆ ಉಟ್ಟು ಹೊರಟಳು.

ಬಿಸಿಲು ಏರುವ ಮುಂಚೆ ದೊಡ್ಡಬೀರಯ್ಯ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದ. ಕಿವಿಯಲ್ಲಿ ನಟರಾಜುವಿನ ದನಿ.

"ಎಡಕ್ಕೆ ಯಜಮಾನ್ರೆ. ಇನ್ನೊಂಚೂರು. ಸಾಕು, ಸಾಕು! ಈಗ ಬೋಲ್ಟು ಬಲವಾಗಿ ಬಿಗೀರಿ. ಇನ್ಮೇಲೆ ಅದು ತಿರುಗೋ ಅಗತ್ಯ ಇಲ್ಲ."

"ಇನ್ನು ಅದೆಂಗ್ ತಿರುಗ್ತದೋ ನಾನೂ ನೋಡ್ತೀನಿ ಬುಡು!" ಎಂದು ದೊಡ್ಡಬೀರಯ್ಯ ಮೈಯ ಬಲವನ್ನೆಲ್ಲ ಹಾಕಿ ಸ್ಪ್ಯಾನರ್ ಎಳೆದ. ಗೆದ್ದ ಖುಷಿಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಏಣಿ ನೆನಪಾಗಿ ಸುಮ್ಮನಾದ.

"ಅಪ್ಪಾ, ಬಂತು! ಬೇಗ ಬಾ, ಚಿತ್ರ ಬತ್ತಾ ಅದೆ!" ಒಳಗಿನಿಂದ ಮೀನಾ ಕಿರುಚಿದಳು.

ಅವನು ಓಡಿ ಬಂದ. ನಟರಾಜುವಿನ ಸೆಂಟರಿನ ಕ್ಯಾಮೆರಾದಿಂದ ಪರದೆಯ ಮೇಲೆ ಬಂದ ಚೌಕ ಚೌಕ ಬಣ್ಣಗಳು ಒಂದೊಂದಾಗಿ ಕೂಡಿಕೊಂಡವು. ಮೊದಲು ಕಂಡವನು ನಟರಾಜು. ಜರಿ ಪಂಚೆ, ಹಣೆಗೆ ಕುಂಕುಮ, ಕೈಯಲ್ಲಿ ಸೇವಂತಿಗೆಯ ಹಾರ. ಮಗಳು ಎಲ್ಲಿ ಓಡಿಬಿಡುತ್ತಾಳೋ ಎಂದು ದೊಡ್ಡಬೀರಯ್ಯ ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದ. ಅವಳಿಗೆ ಓಡುವ ಯೋಚನೆಯೇ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ನಿಂತಲ್ಲೇ ಕುಣಿಯುತ್ತಾ, ಪರದೆಯ ಕಡೆ ಕೈ ಬೀಸುತ್ತಿದ್ದಳು. ಅಷ್ಟರಲ್ಲಿ ನಟರಾಜುವಿನ ಪಕ್ಕಕ್ಕೆ ಮಾವಿನ ಹಣ್ಣಿನ ಬಣ್ಣದ ಸೀರೆಯೊಂದು ಸರಿದು ಬಂತು. ಸೀರೆ ಉಟ್ಟವಳ ಕೈಯಲ್ಲೂ ಒಂದು ಹಾರವಿತ್ತು.

"ಅಣ್ಣಯ್ಯ, ನಾನು ಕಾಣ್ತಾ ಇದೀನಾ? ನೀನು ಹೂಂ ಅಂದ್ರೆ ಈ ಹಾರವ ಆಕೇ ಬುಡ್ತೀನಿ."