ಹೊಕ್ಕುಳಿಲ್ಲದ ಖಳರು

ಇಂಗಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಇದಕ್ಕೆ ಕಾರಣವಾದ ಘಟನೆ ನಡೆದಾಗ ನಾನು ಚಿಕ್ಕವಳು; ದಿನಾಂಕ ಬರೆದಿಡುವ ಅಭ್ಯಾಸ ಆಗಿನ್ನೂ ಇರಲಿಲ್ಲ. ಸೊಲ್ಲಾಪುರದ ನಮ್ಮ ಮನೆಯಲ್ಲಿ ಅದೊಂದು ಭಾನುವಾರದ ಮಧ್ಯಾಹ್ನ ಎಂಬುದು ಮಾತ್ರ ಖಚಿತ. ಆಗ ನಾವು ಮಕ್ಕಳೆಲ್ಲ ನೋಡುತ್ತಿದ್ದ ಟಿವಿ ಧಾರಾವಾಹಿಯ ಖಳರೆಲ್ಲ ಪ್ರಯೋಗಾಲಯದಲ್ಲಿ ತಯಾರಾದ ಮನುಷ್ಯರು. ಹೊಕ್ಕುಳಿಲ್ಲದಿರುವುದೇ ಅವರ ಗುರುತು.

"ನೀನೂ ದವಾಖಾನಿ ಗಾಜಿನಾಗ ತಯಾರಾದಾಕಿ. ನಿನ್ನ ಹೊಕ್ಕಳ ಆಮ್ಯಾಲೆ ಅಂಟಿಸ್ಯಾರ," ಎಂದ ಅಕ್ಕಲಕೋಟೆಯಿಂದ ಬಂದಿದ್ದ ದೊಡ್ಡಪ್ಪನ ಮಗ.

ನಾನು ಐವಿಎಫ್ ಚಿಕಿತ್ಸೆಯಿಂದ ಹುಟ್ಟಿದ್ದು ಮನೆಯಲ್ಲಿ ಗುಟ್ಟೇನಲ್ಲ. ಹೆದರಿಕೆಗೆ ನನಗೆ ಹೊಟ್ಟೆನೋವೇ ಬಂತು.

ನಮ್ಮ ಆಯಿ, ಅಂದರೆ ಅಜ್ಜಿ, ಬಿಸಿನೀರಿನಲ್ಲಿ ಇಂಗು ತೇಯ್ದು ನನ್ನ ಹೊಕ್ಕುಳ ಸುತ್ತ ಹಚ್ಚತೊಡಗಿದಳು.

"ಮೆಲ್ಲಕ ಆಯಿ, ಕಿತ್ತ್ ಬಂದೀತು!"

ಸಂಗತಿ ತಿಳಿದು ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹುಚ್ಚಿ, ನಿಮ್ಮವ್ವನ ಹೊಟ್ಟ್ಯಾಗಿಂದ ಬಳ್ಳಿ ಸಮೇತ ಬಂದಿ. ಅದು ಒಣಗಿ ಉದುರಿದಾಗ ಇದೇ ಕೈಯಾಗ ಹಿಡದೀನಿ. ಹೋಗಿ ಹೇಳ ಅವಗ."

 ಹೇಳುವ ಬದಲು, ಸಂಜೆ ನಾವು ಆಡುತ್ತಿದ್ದ ಅದೇ ಧಾರಾವಾಹಿಯ ಆಟದಲ್ಲಿ ಖಳನಾಯಕಿಯ ಪಾತ್ರ ನನಗೇ ಬೇಕೆಂದು ಹಟ ಹಿಡಿದೆ. ಅಂಗಿಯನ್ನು ಮೇಲೆತ್ತಿ ಗಂಟು ಹಾಕಿ, ಇಂಗು ಮೆತ್ತಿದ ಹೊಕ್ಕುಳನ್ನು ಎಲ್ಲರಿಗೂ ಕಾಣುವಂತೆ ಬಿಟ್ಟುಕೊಂಡು, ಅವನನ್ನು ಓಣಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋದೆ.