ಎರಡನೇ ಹಾಡಿನಲ್ಲಿ ನೀರು ಬಂತು

ಮಂಚದ ಕಂಬಿಗೆ ಸ್ಟೀಲ್ ಲೋಟ ಬಡಿದ ಸದ್ದು ಕೇಳಿ ಆಶಾರಾಣಿ ದೋಸೆ ಹೆಂಚಿನ ಉರಿ ಆರಿಸಿ ಹಿತ್ತಿಲಿಗೆ ಓಡಿದಳು. ನಲ್ಲಿಯಲ್ಲಿ ನೀರು ಬಂದಿತ್ತು. ಮಾತು ನಿಂತ ಮೇಲೆ ಅವ್ವ ಸುಬ್ಬಮ್ಮ ಹೀಗೆಯೇ ತಿಳಿಸುವುದು. ಮೊದಲ ಬಿಂದಿಗೆ ತುಂಬುವಷ್ಟರಲ್ಲಿ ಬಾಗಿಲಲ್ಲಿ ಕೊರಿಯರ್‌ನವನು ಕೂಗಿದ. ಒದ್ದೆ ಕೈ ಒರೆಸಿಕೊಂಡು ಪೊಟ್ಟಣ ತೆಗೆದುಕೊಂಡಳು.

"ಧನ್ಯಾ, ಬಾರೆ. ನಿನ್ ಕ್ಯಾಸೆಟ್ ಬಂತು."

ಮಗಳು ಒಂದು ಜಡೆ ಹೆಣೆದು, ಇನ್ನೊಂದು ಬಿಚ್ಚಿಕೊಂಡೇ ಬಂದಳು. "ಅದೇನಾ?"

"ಅದೇ ಹಾಡುಗಳು. ಹೊಸದಾಗಿ ಬಿಟ್ಟಿದ್ದಾರೆ. ಕ್ಯಾಸೆಟ್‌ಗೆ ಮತ್ತೆ ಕಾಲ ಬಂದಿದೆಯಂತೆ."

ಹಳೆಯ ಕ್ಯಾಸೆಟ್ ಹೋದ ತಿಂಗಳು ಹಾಳಾಗಿತ್ತು. ಶಾಲೆಯಿಂದ ಬಂದವಳೇ ಧನ್ಯಾ ಅದರ ಎರಡನೇ ಹಾಡನ್ನೇ ಹಿಂದಕ್ಕೆ ಸುತ್ತಿ ಸುತ್ತಿ ಹಾಕುತ್ತಿದ್ದಳು. ಟೇಪು ಸವೆದು, ಒಂದು ಸಂಜೆ ಒಳಗೇ ಸಿಕ್ಕಿಕೊಂಡು ಚೂರುಚೂರಾಯಿತು. ಮಗು ಅಳಲಿಲ್ಲ, ಊಟ ಬಿಟ್ಟಿತು. ತನಗಿದ್ದ ಪಂಕ್ ರಾಕ್ ಎಂಬ ಒರಟು ಅಬ್ಬರದ ಇಂಗ್ಲಿಷ್ ಹಾಡುಗಳ ಹುಚ್ಚು ಮಗಳಿಗೂ ಹತ್ತಿತಲ್ಲ ಎಂದು ಆಶಾರಾಣಿಗೆ ಸಂಕಟದ ನಡುವೆಯೂ ಒಂದು ಹಿಗ್ಗು. ಆಗಲೇ ಹುಡುಕಿ ತರಿಸಿದ್ದು ಇದನ್ನು.

ಹಳೆಯದು ಅಂಗಡಿಯ ಕ್ಯಾಸೆಟ್ ಆಗಿರಲಿಲ್ಲ. ಹಾಸನದ ಕಾಲೇಜಿಗೆ ಹೋಗುತ್ತಿದ್ದಾಗ ಗೆಳತಿಯ ಟೇಪ್‌ರೆಕಾರ್ಡರನ್ನು ಸಾಲಗಾಮೆಯ ಮನೆಗೆ ಹೊತ್ತು ತಂದು, ತನ್ನದರ ಎದುರಿಗಿಟ್ಟು, ಕಿಟಕಿ ಮುಚ್ಚಿ, ಯಾರೂ ಉಸಿರೆತ್ತಬೇಡಿ ಎಂದು ಅಪ್ಪಣೆ ಮಾಡಿ ತುಂಬಿಸಿಕೊಂಡಿದ್ದು. ಎರಡನೇ ಹಾಡಿನ ನಡುವೆ ಬೀದಿ ನಲ್ಲಿಯಲ್ಲಿ ನೀರು ಬಂತು. ಅವ್ವ ಸುಮ್ಮನಿರುತ್ತಾಳೆಯೇ. "ನೀರ್ ಬಂತು ಕಣೇ, ಬಿಂದ್ಗೆ ತಗಂಡ್ ಬಾರೇ" ಎಂಬ ಕೂಗು ಲಂಡನ್ನಿನ ನಾಲ್ಕು ಹುಡುಗರ ಗಿಟಾರಿನ ಮೇಲೆ ಹತ್ತಿ ಕೂತುಬಿಟ್ಟಿತು. ಅದೂ ಹಾಡಿನ ಸಾಲೇ ಎಂದು ತಿಳಿದಿದ್ದ ಧನ್ಯಾ, ಅಂಗನವಾಡಿಯಲ್ಲಿ ಇಂಗ್ಲಿಷ್ ಹಾಡು ಹೇಳು ಎಂದಾಗ ಅದನ್ನೇ ಹೇಳಿ ಬಂದಿದ್ದಳು.

ಅವ್ವ ಆ ಹುಡುಗರನ್ನು ಅರಚೋ ಐಕ್ಳು ಎನ್ನುತ್ತಿದ್ದಳು. "ಅಂಗ್ಯಾಕ್ ಬಡ್ಕತಾವೆ, ಅವರವ್ವ ಒಟ್ಟೆಗ್ ಇಕ್ಕಿಲ್ವಾ?" ಎಂದು ಬೈದವಳೇ, ಕರೆಂಟು ಕೈಕೊಟ್ಟ ವಾರ ಸಂತೆಯಿಂದ ಸೆರಗಿನಲ್ಲಿ ಸೆಲ್ ಕಟ್ಟಿಕೊಂಡು ತಂದಿದ್ದಳು. "ತಗೋ, ನಿನ್ ಐಕ್ಳು ಮೂಗ್ರಾಗಿ ಕುಂತವೆ." ಆ ಹುಡುಗರಿಗೆ ಸರಿಯಾಗಿ ನುಡಿಸಲು ಬರುತ್ತಿರಲಿಲ್ಲ. ಬಾರದಿದ್ದರೂ ಹಾಡಬಹುದು ಎಂದು ಆಶಾರಾಣಿ ಅವರಿಂದ ಕಲಿತಳು, ಹಾಡಲಿ ಬಿಡು ಎನ್ನುವುದನ್ನು ಅವ್ವನಿಂದ. ಬಿಂದಿಗೆ ತೊಳೆಯುವಾಗ, ಮಗಳಿಗೆ ತಲೆ ಬಾಚುವಾಗ, ಎರಡೂ ಋಣ ಒಟ್ಟಿಗೇ ನೆನಪಾಗುತ್ತಿದ್ದವು.

ಹೊಸ ಕ್ಯಾಸೆಟ್ಟಿನ ಹೊದಿಕೆಯ ಮೇಲೆ 'ಸದ್ದನ್ನು ಶುದ್ಧಗೊಳಿಸಲಾಗಿದೆ' ಎಂಬರ್ಥದ ಇಂಗ್ಲಿಷ್ ಸಾಲಿತ್ತು. ಅವಳಿಗೆ ನಗು ಬಂತು. ಪಂಕ್ ಹಾಡನ್ನು ಶುದ್ಧ ಮಾಡುವುದೆಂದರೆ ಸಗಣಿ ಸಾರಿಸಿದ ನೆಲಕ್ಕೆ ಪಾಲಿಶ್ ಹಾಕಿದ ಹಾಗೆ. ಆದರೂ ಹಳೆಯದನ್ನು ಯಾರೋ ಎತ್ತಿಟ್ಟುಕೊಂಡು ಮತ್ತೆ ಕೊಟ್ಟರಲ್ಲ. ಹಿತ್ತಿಲಿಗೆ ಹೋಗಿ ಬಿಂದಿಗೆ ಬದಲಿಸಿ ಬಂದು ಕ್ಯಾಸೆಟ್ ಹಾಕಿದಳು. ಡ್ರಮ್ಮಿನ ಪೆಟ್ಟು ಪಕ್ಕದಲ್ಲೇ ಕೂತು ಬಾರಿಸಿದಂತೆ ಸ್ಪಷ್ಟವಾಗಿತ್ತು. ಎರಡನೇ ಹಾಡಿನಲ್ಲಿ, ಇಷ್ಟು ವರ್ಷ ಅವ್ವನ ಕೂಗಿನಡಿ ಮುಚ್ಚಿಹೋಗಿದ್ದ ಸಾಲು ಮೊದಲ ಸಲ ಕೇಳಿಸಿತು. ಅಂಥದ್ದೇನಿಲ್ಲ, ಬಸ್ಸು ತಪ್ಪಿದ್ದರ ಬಗ್ಗೆ.

"ಕೇಳಿದ್ಯಾ ಪುಟ್ಟಿ? ಈಗ ಹಾಡು ಪೂರ್ತಿ ಇದೆ."

ಧನ್ಯಾ ಟೇಪ್‌ರೆಕಾರ್ಡರನ್ನೇ ನೋಡುತ್ತಿದ್ದಳು. "ಇದರಲ್ಲಿ ಅಜ್ಜಿ ಇಲ್ಲ."

"ಇದು ಕಂಪನಿಯದು ಕಣೋ ಚಿನ್ನ. ಇದರಲ್ಲಿ ಅಜ್ಜಿ ಹೇಗೆ ಬರ್ತಾರೆ?"

"ನಂಗೆ ಬೇಕಾಗಿದ್ದು ಹಾಡಲ್ಲಮ್ಮ."

ಆಶಾರಾಣಿ ಅಲ್ಲೇ ಕೂತಳು. ಲಕ್ವ ಹೊಡೆದ ಸುಬ್ಬಮ್ಮನನ್ನು ಹಾಸನದ ಆಸ್ಪತ್ರೆಯಿಂದ ಈ ಚನ್ನರಾಯಪಟ್ಟಣದ ಮನೆಗೆ ಕರೆತಂದ ದಿನದಿಂದಲೇ ಅಲ್ಲವೇ ಮಗು ಆ ಹಾಡನ್ನು ಹಿಂದಕ್ಕೆ ಸುತ್ತಲು ಶುರುಮಾಡಿದ್ದು. ಮನೆಯಲ್ಲಿ ಮಾತ್ರೆಯ ಮಾತಾಡುತ್ತಿದ್ದರು, ಕೈಗೆ ಎಣ್ಣೆ ಉಜ್ಜುವ ಮಾತಾಡುತ್ತಿದ್ದರು. ಇನ್ನೊಂದು ಮಾತನ್ನು ಯಾರೂ ಎತ್ತಿರಲಿಲ್ಲ. ದೊಡ್ಡವರನ್ನು ನೋಡಿ ಮಗುವೂ ಎತ್ತಿರಲಿಲ್ಲ.

ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಬೇರೇನೂ ತೋಚದೆ ಆ ಹಾಡನ್ನೇ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು. ಗಿಟಾರು, ಡ್ರಮ್ಮು, ಅರಚಾಟ. ಬಸ್ಸು ತಪ್ಪಿದ ಸಾಲು ಶುರುವಾಗುವ ಹೊತ್ತಿಗೆ ಸರಿಯಾಗಿ ಮಂಚದ ಕಂಬಿ ಟಣ್ ಎಂದಿತು.

ಬಿಂದಿಗೆ ತುಂಬಿ ಹರಿಯಿತೇನೋ ಎಂದು ಆಶಾರಾಣಿ ಎದ್ದಳು. ಹರಿಯುತ್ತಲೇ ಇತ್ತು. ಆದರೆ ಸುಬ್ಬಮ್ಮ ಹಿತ್ತಿಲ ಕಡೆ ನೋಡುತ್ತಿರಲಿಲ್ಲ. ಟೇಪ್‌ರೆಕಾರ್ಡರಿನ ಮೇಲೆ ಕಣ್ಣು ನೆಟ್ಟು, ಎಡಗೈಯಲ್ಲಿ ಲೋಟ ಹಿಡಿದು, ಬಾಯಿಯ ಒಂದು ಬದಿಯಲ್ಲಿ ನಗುತ್ತಿದ್ದಳು. ಆ ಹಾಡಿನಲ್ಲಿ ತನ್ನ ಜಾಗ ಅವಳಿಗೆ ಮರೆತಿರಲಿಲ್ಲ.

ಹರಿಯುವ ನೀರನ್ನು ನಿಲ್ಲಿಸಲು ಯಾರೂ ಹೋಗಲಿಲ್ಲ. ಧನ್ಯಾ ಮಂಚದ ಬಳಿ ಹೋಗಿ ಅಜ್ಜಿಯ ಲೋಟದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಜ್ಜಿಯ ಮಾತಿನಲ್ಲೇ ಕೇಳಿದಳು:

"ಅಜ್ಜಿ, ನೀರ್ ಬಂದಂಗೆ ನಿನ್ ಮಾತೂ ಬತ್ತದಾ?"